ಆರಿಸಿ ತೆಗೆದದ್ದು

ಮೂರು ಪ್ರತಿ ಕೊಡಿ ಎಂದಿದ್ದರು. ಕೊಟ್ಟೆವು.
ಆಜಾದ್ ಪಾರ್ಕಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ
ಕರೆಂಟು ಬರುವ ತನಕ ಕಾದು
ಐದು ಹಾಡು, ಒಂಬತ್ತು ಪುಟ,
ಮೇಲೊಂದು ಅರ್ಜಿ: ಮಾನ್ಯರೇ, ತಮ್ಮ ಅವಗಾಹನೆಗೆ.

ಹದಿನೈದು ದಿನಕ್ಕೆ ಒಂದು ಪ್ರತಿ ಹಿಂದೆ ಬಂತು.
ಕೆಂಪು ಶಾಯಿ. ಹನ್ನೊಂದು ಪದ ಹೊಡೆದಿದ್ದರು.
ನಾನು ತಮಟೆಯವನು. ಹೊಡೆಯುವುದೆಂದರೆ
ಅಲ್ಲಿಯವರೆಗೆ ನನಗೆ ಬೇರೆ ಅರ್ಥವಿತ್ತು.

ಅಧಿಕಾರಿ ಕೆಟ್ಟವರಲ್ಲ.
ಕೂರಿಸಿದರು, ಫ್ಯಾನು ಹಾಕಿಸಿದರು.
ಕಾಲೇಜಿನಲ್ಲಿ ಛಂದಸ್ಸು ಓದಿದವರಂತೆ;
ಬೆರಳು ಮಡಿಸಿ ಎಣಿಸಿದರು:
'ಕೂಲಿ, ಮೂರು ಮಾತ್ರೆ. ಬೆವರು, ಮೂರು.
ತೆಗೆದ ಕಡೆಯೆಲ್ಲ ಹೂವು ಅಂತ ಹಾಕಿಕೊಳ್ಳಿ.
ಮಾತ್ರೆ ಸರಿಹೋಗುತ್ತದೆ, ರಾಗ ಕೆಡುವುದಿಲ್ಲ.'
ಕ್ಲೆಮೆಂಟ್ ಗಿಟಾರನ್ನು ಚೀಲದ ಸಮೇತ
ತೊಡೆಯ ಮೇಲಿಟ್ಟುಕೊಂಡೇ ಕೇಳಿದ:
'ಮಾತ್ರೆ ಸರಿಯಿದೆ ಸಾರ್. ಕಾಯಿಲೆ ಯಾರಿಗೆ?'

ಇಮ್ತಿಯಾಜ್ ಅಷ್ಟರಲ್ಲಿ ಮೆಲ್ಲಗೆ ಹಾಡಿ ನೋಡುತ್ತಿದ್ದ,
'ವಾರದ ಹೂವು ಬಂದಿಲ್ಲ ಮೇಸ್ತ್ರಿ,
ವಾರದ ಹೂವು ಬಂದಿಲ್ಲ.'
ಬಾಗಿಲ ಬಳಿಯ ಜವಾನ ಗೋಡೆಯ ಕಡೆ ತಿರುಗಿಕೊಂಡ.

ಆಮೇಲೆ ಭಾಗೀರಥಿಯ ಸಾಲು.
'ಮುಟ್ಟು ಅಂದರೆ ಸರಿದೆಯಲ್ಲೋ ದೂರ.'
'ಇದು ಯಾವ ಮುಟ್ಟಮ್ಮ? ಕೈಯಿಂದ ಮುಟ್ಟುವುದೋ,
ಅಥವಾ' ಎಂದು ನಿಲ್ಲಿಸಿದರು. ಕ್ಯಾಲೆಂಡರ್ ನೋಡಿದರು.
'ಬಡಗಿಯ ಉಳಿ, ಬಾಚಿಗೂ ಮುಟ್ಟು ಅಂತಾರೆ ಸಾರ್,'
ಎಂದಳು ಅವಳು. 'ಮೂರೂ ಇದೆ.'
ಮೂರಕ್ಕೂ ಸೇರಿಸಿ ಇನ್ನೊಂದು ಗೆರೆ ಎಳೆದರು,
ಮೊದಲಿನದರ ಮೇಲೇ.

ನನ್ನ ಹೆಸರಿನ ಮುಂದೆ ಷರಾ: ತಮಟೆಗೆ ಅಭ್ಯಂತರವಿಲ್ಲ.
ಅದಕ್ಕೆ ಮಾತಿಲ್ಲವಲ್ಲ, ಎಂದರು.
ಅಪ್ಪ ಸಾವು ಸಾರಲು ಹೊರಟರೆ
ಮೂರು ಹಳ್ಳಿ ಆಚೆ ಒಲೆ ಮುಂದೆ ಕೂತವರಿಗೂ
ಸತ್ತದ್ದು ಗಂಡೋ ಹೆಣ್ಣೋ, ಮುದುಕರೋ ಮಗುವೋ
ಪೆಟ್ಟಿನಲ್ಲೇ ತಿಳಿಯುತ್ತಿತ್ತು.
ಹೇಳಲಿಲ್ಲ. ಹೇಳಿದ್ದರೆ ಅದನ್ನೂ
ಮೂರು ಪ್ರತಿ ಕೇಳುತ್ತಿದ್ದರೇನೋ.

ಕೊನೆಯ ಪುಟದ ಕೆಳಗೆ ಮೊಹರು, ಅದರ ಪಕ್ಕ
'ತಿದ್ದುಪಡಿಗಳನ್ನು ಒಪ್ಪಿದ್ದೇವೆ'.
ನಾಲ್ಕು ಸಹಿಗೆ ನಾಲ್ಕು ಚುಕ್ಕಿಗೆರೆ.
ಭಾಗೀರಥಿ ಮೇಜಿನ ಮೇಲಿದ್ದ ಅವರದೇ ಕೆಂಪು ಪೆನ್ನು ತಗೊಂಡು
'ಒಪ್ಪಿದ್ದೇವೆ'ಯನ್ನು ಹೊಡೆದಳು.
ಅವರ ಪ್ರತಿಯಲ್ಲೂ, ನಮ್ಮದರಲ್ಲೂ.
ಪೆನ್ನಿಗೆ ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟಳು.

ಕಾರ್ಯಕ್ರಮ ಹೋಯಿತು. ಮುಂಗಡ ಎಂಟು ಸಾವಿರ
ವಾಪಸು ಕೊಡಬೇಕು, ಆರು ಖರ್ಚಾಗಿದೆ.
ಯಾರೂ ಮಾತಾಡದೆ ಕೆ.ಎಂ. ರೋಡು ಹಿಡಿದು
ಕ್ಯೂರಿಂಗ್ ವರ್ಕ್ಸ್ ಹಿಂದಿನ ಓಣಿಗೆ, ಅವಳ ಮನೆಗೆ ನಡೆದೆವು.

ದ್ಯಾವಮ್ಮ ಅಲ್ಲಿ ಮೂವತ್ತೊಂದು ವರ್ಷ
ಕಾಫಿ ಬೀಜ ಆರಿಸಿದವಳು.
ಈಗಲೂ ಸುಮ್ಮನೆ ಕೂತರೆ ಬಲಗೈ ಬೆರಳು
ಚಾಪೆಯ ಮೇಲೆ ಏನನ್ನೋ ಆಯುತ್ತಿರುತ್ತದೆ.
ಕಪ್ಪು ಬೀಜ, ಚೂರು ಬೀಜ, ಕಂದಿದ ಬೀಜ,
ಬೇರೆ ಚೀಲ, ಚೀಲದ ಮೇಲೆ ಮಸಿಯಲ್ಲಿ ಬಿ.ಬಿ.ಬಿ.
'ಒಳ್ಳೇದು ಮಂಗ್ಳೂರಿಗೋಗಿ ಹಡಗು ಹತ್ತೋದು.
ನಾವು ತೆಗೆದು ಹಾಕಿದ್ದು ಪುಡಿಯಾಗಿ ಪೇಟೆಗೇ ಬರೋದು.
ಈ ಊರು ಬೆಳಗ್ಗೆ ಏಳೋದೇ ಅದನ್ನ ಕುಡ್ಕಂಡು.'
ಹಾಲಿರಲಿಲ್ಲ. ಬೆಲ್ಲ ಹಾಕಿ ಹಾಗೇ ಕೊಟ್ಟಳು.
ಕಹಿಯಿತ್ತು. ಎರಡನೇ ಲೋಟ ಕೇಳಿದೆ.

ಅವಳಿಗೆ ಓದು ಬಾರದು.
ಹಾಳೆಗಳನ್ನು ಬೋರಲು ಮಾಡಿ
ಬೆನ್ನಿನ ಕಡೆಯಿಂದ ಬೆರಳಾಡಿಸಿದಳು,
ಒಂದೊಂದಾಗಿ, ಅವಸರವಿಲ್ಲದೆ.
ಹನ್ನೊಂದು ಕಡೆ ಬೆರಳು ನಿಂತಿತು.
'ಇಲ್ಲಿ ದಡಿ ಎದ್ದೈತೆ. ಇಲ್ಲಿ. ಇಲ್ಲೂವೆ.
ಎಷ್ಟು ಭಯ ಬಿದ್ದವ್ನೆ ಪಾಪ, ಹಿಂಗೆ ಒತ್ತವ್ನೆ.'

ಕೊನೆಯ ಹಾಳೆಯ ಅಂಚಿನಲ್ಲಿ ತಡೆದಳು.
ಮತ್ತೆ ಮುಟ್ಟಿದಳು. 'ಇದು ಬ್ಯಾರೆ ಕೈ.'
'ನಂದೇ ಕಣವ್ವ,' ಎಂದಳು ಭಾಗೀರಥಿ.

ಮುದುಕಿ ಹಾಳೆ ಮಡಿಸಿ ವಾಪಸು ಕೊಟ್ಟಳು.
'ಒತ್ತಿದ್ದು ಸಾಲ್ದು.'